ರೇವವ್ವನ ಎರಡು ಬಾಣಂತನ

ರೇವವ್ವ ಹಗಲಿನಲ್ಲಿ ಮಲಗಿದ್ದನ್ನು ಮದುವೆಯಾದ ಮೂರು ವರ್ಷ ಯರಗುಪ್ಪಿಯಲ್ಲಿ ಯಾರೂ ನೋಡಿರಲಿಲ್ಲ. ಕಲಘಟಗಿ ಕಡೆಯ ಹೆಣ್ಣು, ಭತ್ತದ ಗದ್ದೆಯಲ್ಲಿ ಬೆಳೆದವಳು. ಎರೆಹೊಲದ ಕೆಲಸ ಇವಳಿಗೆ ಒಗ್ಗುತ್ತದೋ ಇಲ್ಲವೋ ಎಂದು ಅತ್ತೆ ಮಹಾದೇವಕ್ಕ ಮೊದಲ ವರ್ಷ ಅನುಮಾನದಿಂದಲೇ ನೋಡಿದ್ದಳು. ಎರಡನೆಯ ಸುಗ್ಗಿಗೆ ಆ ಅನುಮಾನ ಹೋಯಿತು. ಹತ್ತಿ ಬಿಡಿಸಲು ನಿಂತರೆ ರೇವವ್ವ ಬಾಜು ಸಾಲಿನವರಿಗಿಂತ ಹತ್ತು ಮಾರು ಮುಂದಿರುತ್ತಿದ್ದಳು. ಮನೆಗೆ ಬಂದು ಉಳಿದವರು ಕಾಲು ಚಾಚುವ ಹೊತ್ತಿಗೆ ಇವಳು ರೊಟ್ಟಿ ಬಡಿಯಲು ಕೂತಿರುತ್ತಿದ್ದಳು. "ನಮ್ಮ ರೇವಿಗೆ ದಣಿವು ಅನ್ನೂದ ಗೊತ್ತಿಲ್ಲ ನೋಡ್ರಿ," ಎಂದು ಮಹಾದೇವಕ್ಕ ಕೆರೆಯ ದಂಡೆಯಲ್ಲಿ ನಾಲ್ಕು ಮಂದಿಗೆ ಕೇಳುವಂತೆ ಹೇಳುತ್ತಿದ್ದಳು.

೧೯೮೧ರಲ್ಲಿ ಸೀಗಿಹುಣ್ಣಿಮೆಯ ಆಸುಪಾಸಿನಲ್ಲಿ ಅವಳಿಗೆ ಚೊಚ್ಚಲ ಹೆರಿಗೆ. ತವರಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ಎಂದು ಗೊತ್ತಾಗಿತ್ತು. ಒಂದೂವರೆ ದಿನ ಬೇನೆ ತಿಂದರೂ ಕೂಸು ಇಳಿಯಲಿಲ್ಲ. ಸೂಲಗಿತ್ತಿ ಕೈ ತೊಳೆದುಕೊಂಡು, "ಇದು ನನ್ನ ಕೈಲೆ ಆಗೂದಲ್ಲ, ಜಲ್ದಿ ದವಾಖಾನಿಗೆ ಒಯ್ರಿ," ಎಂದಳು. ಶೇಂಗಾ ಹೇರಲು ಬಂದಿದ್ದ ಲಾರಿಯಲ್ಲಿ ಗಂಡ ಶಂಕ್ರಪ್ಪ ಅವಳನ್ನು ಹುಬ್ಬಳ್ಳಿಗೆ ಒಯ್ದ.

ಅಲ್ಲಿ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹೊಟ್ಟೆ ಕೊಯ್ದು ಕೂಸು ತೆಗೆದರು. ಹೆಣ್ಣು ಕೂಸು. ನೀಲವ್ವ ಎಂದು ಹೆಸರಿಟ್ಟರು. ಹೊಲಿಗೆ ಹಾಕಿದ ಹೊಟ್ಟೆಯ ನೋವು ರೇವವ್ವ ಅಲ್ಲಿಯವರೆಗೆ ಕಂಡ ಯಾವ ನೋವಿನ ಹಾಗೂ ಇರಲಿಲ್ಲ. ಕೆಮ್ಮಿದರೆ, ಸೀನಿದರೆ, ಬರೀ ನಕ್ಕರೂ ಒಳಗಿನಿಂದ ಯಾರೋ ಕುಡುಗೋಲು ಎಳೆದ ಹಾಗೆ. ಅವಳು ನರಳಿದರೆ ಸಾಕು, ನರ್ಸು ಬಂದು ಸೂಜಿ ಮಾಡಿ ಹೋಗುತ್ತಿದ್ದಳು. ಗುಳಿಗೆ ಕೊಡುವುದಿಲ್ಲ, ಎಬ್ಬಿಸಿ ನಡೆಸುವುದಿಲ್ಲ. ಅತ್ತರೆ ಸೂಜಿ, ಅಷ್ಟೇ. ಅದು ಒಳಗೆ ಹೋದ ಸ್ವಲ್ಪ ಹೊತ್ತಿಗೆ, ಪಡಸಾಲೆಯಲ್ಲಿ ಎದೆಮಟ್ಟ ಸುರಿದ ಹೊಸ ಹತ್ತಿಯೊಳಗೆ ಬೆನ್ನು ಮಾಡಿ ಬಿದ್ದ ಹಾಗಾಗುತ್ತಿತ್ತು. ನೋವು ಹೋಗುತ್ತಿರಲಿಲ್ಲ. ಅದು ಬೇರೆ ಯಾರದೋ ನೋವಾಗಿ ದೂರ ಕೂತಿರುತ್ತಿತ್ತು. ಹನ್ನೊಂದು ದಿನ ಹೀಗೆ ನಡೆಯಿತು.

ಊರಿಗೆ ಬಂದ ಮೇಲೆ ಹೊಲಿಗೆ ಒಣಗಿತು, ಆದರೆ ರೇವವ್ವನಿಗೆ ಆರಾಮಾಗಲಿಲ್ಲ. ಮೈಕೈ ಹರಿಯುತ್ತಿತ್ತು, ಆಕಳಿಕೆಯ ಮೇಲೆ ಆಕಳಿಕೆ, ಹೊಟ್ಟೆಯೊಳಗೆ ತಿರುಚಿದ ನೋವು. ಹಲ್ಲು ಕಚ್ಚಿ ಮೂರು ದಿನ ಕಳೆದಳು. ನಾಲ್ಕನೆಯ ದಿನ ಅವಳ ನರಳಾಟ ನೋಡಲಾರದೆ ಶಂಕ್ರಪ್ಪ ಹೋಗಿ ಕಂಪೌಂಡರ್ ಹುಲಿಗೆಪ್ಪನನ್ನು ಕರೆತಂದ. ಹುಲಿಗೆಪ್ಪ ಹಿಂದೆ ಹುಬ್ಬಳ್ಳಿಯಲ್ಲಿ ಯಾರೋ ಡಾಕ್ಟರ ಕೈಕೆಳಗೆ ಇದ್ದವನು. ಈಗ ಸೈಕಲ್ಲಿಗೆ ತೊಗಲಿನ ಚೀಲ ಕಟ್ಟಿಕೊಂಡು ಸುತ್ತಿನ ಐದಾರು ಊರಿಗೆ ತಾನೇ ಡಾಕ್ಟರನಾಗಿದ್ದ. ಕೆಟ್ಟ ಮನುಷ್ಯನಲ್ಲ. ಹೆಂಗಸರು ಅತ್ತರೆ ಅವನ ಕೈ ತಾನಾಗಿ ಚೀಲಕ್ಕೆ ಹೋಗುತ್ತಿತ್ತು. ನರ್ಸಿಂಗ್ ಹೋಮಿನ ಚೀಟಿ ನೋಡಿ, ಸೂಜಿಯನ್ನು ಕುದಿಸಿ, ಅದೇ ಔಷಧ ಚುಚ್ಚಿದ. ಹತ್ತಿಯ ರಾಶಿ ಮತ್ತೆ ರೇವವ್ವನ ಬೆನ್ನ ಕೆಳಗೆ ಬಂತು.

ಮೊದಲು ವಾರಕ್ಕೊಮ್ಮೆ ಬಂದವನು ಆಮೇಲೆ ಮೂರು ದಿನಕ್ಕೊಮ್ಮೆ ಬಂದ. ಸಂಕ್ರಾಂತಿ ಕಳೆಯುವ ಹೊತ್ತಿಗೆ ದಿನ ಬಿಟ್ಟು ದಿನ, ಆಮೇಲೆ ದಿನವೂ. ಅತ್ತೆ ಮತ್ತು ಗಂಡ ಹೊಲಕ್ಕೆ ಹೋದ ಮೇಲೆ ರೇವವ್ವ ಕೂಸನ್ನು ಬಗಲಲ್ಲಿಟ್ಟುಕೊಂಡು ತಾನೇ ಹುಲಿಗೆಪ್ಪನ ಮನೆಗೆ ನಡೆದು ಹೋಗುವುದು ಶುರುವಾಯಿತು. "ಕಾಕಾ, ಹೊಟ್ಟಿ ಭಾಳ ನೋಯಾಕತ್ತೈತಿ." ಅವನು ನಿಟ್ಟುಸಿರು ಬಿಟ್ಟು ಸ್ಪಿರಿಟ್ ಒಲೆ ಹಚ್ಚುತ್ತಿದ್ದ. ಮನೆಗೆ ಬಂದು ಅವಳು ಕೌದಿಯ ಮೇಲೆ ಹಗಲು ಹೊತ್ತಿನಲ್ಲೇ ಮಲಗುತ್ತಿದ್ದಳು. "ಹಸೀ ಬಾಣಂತಿ, ಹೊಟ್ಟಿ ಕೊಯ್ಸಿಕೊಂಡಾಕಿ, ಮಲಗಲಿ ಬಿಡು," ಎಂದು ಮಹಾದೇವಕ್ಕ ತಾನೇ ರೊಟ್ಟಿ ಬಡಿದಳು.

ವೈಶಾಖದಲ್ಲಿ ಕುಂದಗೋಳದಲ್ಲಿ ಬೀಗರ ಮನೆಯ ಮದುವೆ ಬಂತು. ನೀಲಿಗೆ ಆಗ ಏಳು ತಿಂಗಳು, ಬೆಳಗಿನಿಂದ ಮೈ ಸ್ವಲ್ಪ ಬಿಸಿ ಇತ್ತು. ಕೂಸಿನ ಸಲುವಾಗಿ ರೇವವ್ವ ಮನೆಯಲ್ಲೇ ಉಳಿದಳು. ಅತ್ತೆ, ಗಂಡ ಬಸ್ಸಿಗೆ ಹೋದರು. ಮಧ್ಯಾಹ್ನ ಅವಳು ಹುಲಿಗೆಪ್ಪನಲ್ಲಿಗೆ ಹೋಗಿ ಬಂದಳು. ಕೂಸನ್ನು ತೊಟ್ಟಿಲಿಗೆ ಹಾಕಿದಳು. ಅಣ್ಣ ಕಲಘಟಗಿಯಿಂದ ತಂದುಕೊಟ್ಟಿದ್ದ ಬಣ್ಣದ ತೊಟ್ಟಿಲು. ಅದನ್ನು ಎರಡು ಸಲ ತೂಗಿ ಕೆಳಗೆ ಮಲಗಿದಳು.

ಕೂಸು ಅತ್ತದ್ದು ಅವಳಿಗೆ ಕೇಳಿತು. ಇದನ್ನು ಅವಳು ಮುಂದೆ ತನಗೆ ತಾನು ಎಷ್ಟು ಸಲ ಸುಳ್ಳು ಮಾಡಿಕೊಳ್ಳಲು ನೋಡಿದರೂ ಆಗಲಿಲ್ಲ. ಸ್ಪಷ್ಟ ಕೇಳಿತು. ಮೊದಲು ಹಸಿವಿನ ಅಳು, ಆಮೇಲೆ ಸಿಟ್ಟಿನ ಅಳು, ಆಮೇಲೆ ಅವಳು ಎಂದೂ ಕೇಳದ ಒಂದು ಎತ್ತರದ ತೆಳ್ಳನೆಯ ಅಳು, ತಂತಿ ಎಳೆದ ಹಾಗೆ. 'ಕೂಸು ಅಳಾಕತ್ತೈತಿ, ಯಾರರ ಎತ್ತಿಕೋರಿ' ಎಂದು ಹತ್ತಿಯೊಳಗಿಂದ ಅವಳು ಅಂದುಕೊಂಡಳು. ಆ ಯಾರೋ ತಾನೇ ಎಂದು ಹೊಳೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಳು ನಿಂತಿತು. ನಿಂತಾಗ ಅವಳಿಗೆ ಹಿತವೆನಿಸಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದ ಮಹಾದೇವಕ್ಕ ತೊಟ್ಟಿಲಿಗೆ ಬಗ್ಗಿದವಳು ಚೀರಿದಳು. ಕೂಸು ಬಿಲ್ಲಿನ ಹಾಗೆ ಬಾಗಿತ್ತು, ಕಣ್ಣು ಮೇಲಾಗಿತ್ತು, ಮೈ ಕಾದ ಹಂಚು. ಮತ್ತೆ ಹುಬ್ಬಳ್ಳಿ. ಮಿದುಳಿಗೆ ಏರಿದ ಜ್ವರ ಎಂದರು. ಹದಿನೆಂಟು ದಿನ ಇಟ್ಟುಕೊಂಡು ಕೂಸನ್ನು ಉಳಿಸಿ ಕೊಟ್ಟರು. "ಹೆಂಗ ಗೊತ್ತಾಗಲಿಲ್ಲ ಬೇ ನಿನಗ?" ಎಂದು ಅತ್ತೆ ಒಂದೇ ಸಲ ಕೇಳಿದಳು. "ನಿದ್ದಿ ಹತ್ತಿತ್ರಿ ಅತ್ತಿ," ಎಂದಳು ರೇವವ್ವ. ಮಹಾದೇವಕ್ಕ ಅವಳ ತಲೆ ನೇವರಿಸಿ, "ಹೋಗಲಿ ಬಿಡು ನಮ್ಮವ್ವ, ದಣದ ಜೀವ," ಅಂದಳು. ಬೈದಿದ್ದರೆ ತಾಳಿಕೊಳ್ಳಬಹುದಿತ್ತು.

ದೀಪಾವಳಿಯಲ್ಲಿ ಅಂಗಳದಲ್ಲಿ ಯಾರೋ ಪಟಾಕಿ ಹಾರಿಸಿದರು. ದನ ಕಣ್ಣಿ ಹರಿಯುವ ಹಾಗೆ ಜಿಗಿದವು. ಅಂಬೆಗಾಲಿನ ನೀಲಿ ಅದರ ಹತ್ತಿರವೇ ಬೆನ್ನು ಹಾಕಿ ಕೂತು ಮಣ್ಣು ತೋಡುತ್ತಿದ್ದಳು. ರೆಪ್ಪೆ ಸಹ ಮಿಟುಕಿಸಲಿಲ್ಲ. ಶಂಕ್ರಪ್ಪ ಹಿತ್ತಾಳೆಯ ತಂಬಿಗೆಯನ್ನು ಅವಳ ಹಿಂದೆ ಕಲ್ಲಿನ ಮೇಲೆ ಎತ್ತಿ ಹಾಕಿದ. ಮತ್ತೊಮ್ಮೆ ಹಾಕಿದ. ಮೂರನೆಯ ಸಲ ಹಾಕಲು ಅವನ ಕೈ ಏಳಲಿಲ್ಲ.

ಇಷ್ಟಾದ ಮೇಲೆ ರೇವವ್ವ ಸೂಜಿ ಬಿಟ್ಟಿರಬೇಕು ಎಂದು ಯಾರಾದರೂ ಅಂದುಕೊಳ್ಳಬಹುದು. ಬಿಡಲಿಲ್ಲ. ಹೆಚ್ಚು ಮಾಡಿದಳು. ಎಚ್ಚರಿದ್ದಾಗಲೆಲ್ಲ ಆ ತಂತಿಯ ಅಳು ಕೇಳುತ್ತಿತ್ತು, ಸೂಜಿ ಬಿದ್ದರೆ ಅದೂ ದೂರ ಹೋಗುತ್ತಿತ್ತು.

ಆ ಚಳಿಗಾಲದಲ್ಲಿ ಊರಿನ ಉಪಕೇಂದ್ರಕ್ಕೆ ಜಮೀಲಾಬಿ ಎಂಬ ನರ್ಸಬಾಯಿ ಬಂದಳು. ನವಲಗುಂದದವಳು, ನಲವತ್ತರ ಆಚೆಗಿನ ವಿಧವೆ, ಮಾತು ಒರಟು, ನಡಿಗೆ ಚುರುಕು. ಮಕ್ಕಳಿಗೆ ಲಸಿಕೆ ಹಾಕುತ್ತ ಮನೆಮನೆಗೆ ಬಂದವಳು ರೇವವ್ವನ ತೋಳು ಹಿಡಿದು ಕುಪ್ಪಸದ ತೋಳನ್ನು ಮೇಲೇರಿಸಿದಳು. ಚರ್ಮ ಹಳೆಯ ಚಪ್ಪಲಿಯ ತೊಗಲಿನ ಹಾಗೆ ಗಟ್ಟಿಯಾಗಿ, ಕಪ್ಪು ಚುಕ್ಕೆಗಳಿಂದ ತುಂಬಿತ್ತು.

"ಹೊಟ್ಟಿನೋವಿಗೆ ಮಾಡಿಸ್ಕೊಂಡದ್ದರಿ ಬಾಯಾರ," ಎಂದಳು ರೇವವ್ವ.

"ಹೊಟ್ಟಿನೋವಿಗೆ ಸೂಜಿ ಏನವಾ, ಇಲ್ಲಾ ಸೂಜಿ ಸಲುವಾಗಿ ಹೊಟ್ಟಿನೋವೋ?"

ರೇವವ್ವ ಕುಪ್ಪಸದ ತೋಳನ್ನು ಕೆಳಗೆಳೆದುಕೊಂಡಳು. ಜಮೀಲಾಬಿ ಅಲ್ಲೇ ಹೊಸ್ತಿಲ ಮೇಲೆ ಕೂತಳು. "ನಮ್ಮಜ್ಜಿ ಕೂಸುಗೋಳು ಭಾಳ ಅತ್ರ ಸಾಸಿವಿಕಾಳಿನಷ್ಟು ಅಫೀಮು ನೆಕ್ಕಸ್ತಿದ್ಲು. ಸುಮ್ಮ ಮಲಗ್ತಿದ್ವು. ಅದರಾಗ ಒಂದು ಏಳಲೇ ಇಲ್ಲ, ನನ್ನ ತಮ್ಮ. ಈ ಸೂಜಿಯೊಳಗಿನ ಔಷಧಾನೂ ಅದರ ಪೈಕೀನ, ತಂಗಿ. ಆಪರೇಶನ್ ಆದ ಎರಡು ದಿನಕ್ಕ ಅದು ಔಷಧ. ಆಮ್ಯಾಲಿಂದು ಬ್ಯಾರೇನ."

ಅವಳು ರೇವವ್ವನನ್ನು ಕರೆದುಕೊಂಡು ಹುಲಿಗೆಪ್ಪನ ಮನೆಗೇ ಹೋದಳು. ಜಗಳ ಆಗುತ್ತದೆ ಎಂದು ರೇವವ್ವ ಹೆದರಿದ್ದಳು. ಹುಲಿಗೆಪ್ಪ ತಲೆ ತಗ್ಗಿಸಿ ಕೂತ. "ಅಳೂದು ನೋಡಾಕ ಆಗೂದಿಲ್ರಿ ಬಾಯಾರ. ನನ್ನ ಚೀಲದಾಗ ಅದನ್ನ ಬಿಟ್ಟು ಮತ್ತೇನೈತಿ?"

"ಒಮ್ಮಿಗೇ ಬಿಡಸಾಕ ಹೋದ್ರ ಈಕಿ ಸಾಯೂಹಂಗ ಒದ್ದಾಡ್ತಾಳ," ಎಂದಳು ಜಮೀಲಾಬಿ. "ಅದಕ್ಕ ಸಾವಕಾಶ ಬಿಡಸೂಣು. ಈ ವಾರ ಅರ್ಧ. ಮುಂದಿನ ವಾರ ದಿನಾ ಬಿಟ್ಟು ದಿನಾ ಅರ್ಧ. ನಾ ಹೇಳಿದ ದಿನಾ ಬಿಟ್ಟು ಈಕಿ ನಿಮ್ಮ ಕಾಲಿಗೆ ಬಿದ್ರೂ ಮಾಡಬಾರದು. ಆದೀತೇನ್ರಿ?"

"ಆದೀತ್ರಿ," ಎಂದ ಹುಲಿಗೆಪ್ಪ, ಆದರೆ ರೇವವ್ವನ ಮುಖ ನೋಡಲಿಲ್ಲ.

ಎರಡೂವರೆ ತಿಂಗಳು ಹಿಡಿಯಿತು. ಕೊನೆಯ ಹತ್ತು ದಿನ ಮೂಗಿನಲ್ಲಿ ಕಣ್ಣಿನಲ್ಲಿ ನೀರು ಸುರಿಯಿತು, ಮೈಮೇಲೆ ಪುಕ್ಕ ಕಿತ್ತ ಕೋಳಿಯ ಹಾಗೆ ಮುಳ್ಳೆದ್ದವು, ಕಾಲು ತಾವಾಗಿಯೇ ಒದ್ದುಕೊಂಡವು. ಒಂದು ದಿನ ಅವಳು ಹುಲಿಗೆಪ್ಪನ ಕಾಲಿಗೆ ನಿಜವಾಗಿಯೂ ಬಿದ್ದಳು. ಅವನು ಅಳುತ್ತ ಬಾಗಿಲು ಹಾಕಿಕೊಂಡ. ಮಹಾದೇವಕ್ಕನಿಗೆ ಇದು ವಾಯು ಎಂದು ಜಮೀಲಾಬಿ ಹೇಳಿದ್ದಳು, ದಿನಾ ಬಂದು ಪಕ್ಕದಲ್ಲಿ ಕೂತು ಕಾಲು ಒತ್ತುತ್ತಿದ್ದಳು. ಹೋಳಿಯ ಹೊತ್ತಿಗೆ ರೇವವ್ವ ಎದ್ದು ರೊಟ್ಟಿ ಬಡಿದಳು.

ಸೂಜಿ ಹೋಯಿತು, ಅಳು ಹೋಗಲಿಲ್ಲ. ಅದನ್ನು ದೂರ ಇಡಲು ಈಗ ಏನೂ ಇರಲಿಲ್ಲ. ಹತ್ತಿ ಬಿಡಿಸುತ್ತಿದ್ದವಳು ಒಮ್ಮೆಲೆ ಸೊಂಟ ನೆಟ್ಟಗೆ ಮಾಡಿ, "ಕೂಸು ಅತ್ತಂಗ ಆತಲ್ಲ?" ಎನ್ನುತ್ತಿದ್ದಳು. ಸುತ್ತ ಹೊಲದ ಗಾಳಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ನೀರು ಸೇದುವಾಗ, ಹಿಟ್ಟು ಸೋಸುವಾಗ, ಹಗಲು ನೆತ್ತಿಗೆ ಬಂದಾಗ ಹೆಚ್ಚಾಗಿ. ಓಡಿ ಹೋಗಿ ನೋಡಿದರೆ ನೀಲಿ ಎಲ್ಲೋ ಆಡುತ್ತಿರುತ್ತಿದ್ದಳು, ತಾಯಿ ಬಂದದ್ದು ಗೊತ್ತಾಗದೆ ಬೆನ್ನು ಹಾಕಿಯೇ ಕೂತಿರುತ್ತಿದ್ದಳು. ರೇವವ್ವ ಅವಳ ಹಿಂದೆ ನಿಂತು "ನೀಲಿ, ನೀಲಿ" ಎಂದು ಕರೆಯುತ್ತಿದ್ದಳು, ಕೇಳುವುದಿಲ್ಲ ಎಂದು ಗೊತ್ತಿದ್ದೂ. ಯಾವುದೋ ಗಾಳಿ ಸೋಕಿದೆ ಎಂದು ಅತ್ತೆ ಅವಳ ತೋಳಿಗೆ ತಾಯಿತ ಕಟ್ಟಿಸಿದಳು. ಹೀಗೆ ಮೂರು ವರ್ಷದ ಮೇಲಾಯಿತು.

೧೯೮೬ರಲ್ಲಿ ರೇವವ್ವ ಮತ್ತೆ ಬಸುರಿಯಾದಳು. ಈ ಸಲವೂ ಹೊಟ್ಟೆ ಕೊಯ್ಯಬೇಕಾದೀತು ಎಂದು ಜಮೀಲಾಬಿ ಮೊದಲೇ ಹೇಳಿದಳು. ಓಣಿಯ ಹೆಂಗಸರು ನೋವಿನ ಮಾತಾಡಿ ಮರುಗಿದರು. ರೇವವ್ವನಿಗೆ ಹೆದರಿಕೆ ನೋವಿನದಲ್ಲ. ಆಪರೇಶನ್ನಿನ ಮಾತು ಬಂದ ದಿನದಿಂದ ಅವಳ ಮೈ ಒಳಗೊಳಗೇ ಆ ಸೂಜಿಗೆ ಕಾಯತೊಡಗಿತ್ತು. ಅದು ಅವಳಿಗೆ ಗೊತ್ತಾಗಿತ್ತು. ಮದುವೆಗೆ ಕಾಯುವ ಹುಡುಗಿಯ ಹಾಗೆ ಕಾಯುತ್ತಿತ್ತು.

"ಬಾಯಾರ, ಒಂದೂ ಸೂಜಿ ಬ್ಯಾಡ್ರಿ. ಸತ್ರೂ ಬ್ಯಾಡ. ನನ್ನ ಮ್ಯಾಲ ಆಣಿ ಮಾಡ್ರಿ," ಎಂದಳು.

"ಆಣಿ ಗೀಣಿ ನಾ ಮಾಡೂದಿಲ್ಲ," ಎಂದಳು ಜಮೀಲಾಬಿ. "ಸಂಗಟ ಬರ್ತೀನಿ, ಅಷ್ಟ."

ರಜೆ ಹಾಕಿ ಅವಳು ಧಾರವಾಡದ ಸರಕಾರಿ ದವಾಖಾನೆಗೆ ಜೊತೆಯಲ್ಲಿ ಬಂದಳು. ನೀಲಿ ಅಜ್ಜಿಯ ಹತ್ತಿರ ಉಳಿದಳು. ಮಧ್ಯಾಹ್ನಕ್ಕೆ ಗಂಡು ಕೂಸು ಹುಟ್ಟಿತು.

ಮರುದಿನ ಬೆಳಿಗ್ಗೆ ಸುತ್ತು ಬಂದ ಡಾಕ್ಟರಬಾಯಿ ಕಂಡದ್ದು ಹಲಗೆಯ ಹಾಗೆ ಬಿಗಿದು ಮಲಗಿದ ಒಬ್ಬ ಹೆಂಗಸನ್ನು. ಸೆರಗಿನ ತುದಿ ಹಲ್ಲಿನ ನಡುವೆ, ತುಟಿಯ ಮೇಲೆ ರಕ್ತ, ಹಣೆಯಲ್ಲಿ ಬೆವರಿನ ಹನಿ. ಹಿಂದಿನ ಸಂಜೆ ಬರೆದಿದ್ದ ಸೂಜಿಯನ್ನು ಅವಳು ಮಾಡಿಸಿಕೊಂಡಿರಲಿಲ್ಲ. ಕೂಸು ಪಕ್ಕದಲ್ಲಿ ಬಾಯಿ ತೆರೆದು ಹುಡುಕುತ್ತಿತ್ತು. ಅತ್ತ ಹೊರಳಲು ಅವಳಿಂದ ಆಗುತ್ತಿರಲಿಲ್ಲ. ಡಾಕ್ಟರಬಾಯಿ ಮೂವತ್ತರ ಒಳಗಿನವಳು, ದಪ್ಪ ಚಷ್ಮಾ ಹಾಕಿದ್ದಳು.

"ಒಂದು ಸಲ ಕೆಮ್ಮರಿ ನೋಡೂಣು."

ರೇವವ್ವ ತಲೆಯಾಡಿಸಿದಳು, ಆಗದು ಎಂದು.

"ಹಿಂಗ ಉಸಿರು ಬಿಗಿಹಿಡದು ಮಲಕೊಂಡ್ರ ಎದಿಯೊಳಗ ಕಫಾ ಕಟ್ಟತೈತಿ. ಎದ್ದು ನಾಕು ಹೆಜ್ಜಿ ಹಾಕದಿದ್ರ ಕಾಲಾಗ ರಕ್ತ ಗಟ್ಟಿ ಆಗತೈತಿ. ಕೂಸಿಗೆ ಹಾಲು ಯಾರು ಕೊಡ್ತಾರ? ನಿಮಗ ನೋವು ಕಡಿಮಿ ಆಗಬೇಕೋ, ಇಲ್ಲಾ ಶಿಕ್ಷಾ ಬೇಕೋ?"

ಆ ಕೊನೆಯ ಮಾತಿಗೆ ರೇವವ್ವನ ಬಾಯಿಂದ ಸೆರಗು ಬಿತ್ತು. ಅವಳು ಹೇಳಿದಳು. ಕುಂದಗೋಳದ ಮದುವೆಯ ದಿನ, ಮಧ್ಯಾಹ್ನದ ಸೂಜಿ, ತೊಟ್ಟಿಲು, ಹಸಿವಿನ ಅಳು, ಸಿಟ್ಟಿನ ಅಳು, ಆಮೇಲಿನ ಅಳು. "ಕೇಳ್ತಿತ್ರಿ ನನಗ. ನಿದ್ದಿ ಹತ್ತಿರಲಿಲ್ಲ. ಕೇಳಿಕೋತ ಮಲಗಿದ್ದೆ." ಇದನ್ನು ಅವಳು ಜಮೀಲಾಬಿಗೂ ಹೇಳಿರಲಿಲ್ಲ. ಹೇಳಿ ಮುಗಿಸಿ ಕಣ್ಣು ತೆರೆದಾಗ ಬಾಗಿಲಲ್ಲಿ ಚಹಾದ ಕೆಟಲಿ ಹಿಡಿದು ಶಂಕ್ರಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕೆಟಲಿಯನ್ನು ಕಿಟಕಿಯಲ್ಲಿಟ್ಟು ಅವನು ಹೊರಗೆ ಹೋದ.

ಡಾಕ್ಟರಬಾಯಿ ಸ್ಟೂಲು ಎಳೆದುಕೊಂಡು ಕೂತಳು. "ಆವತ್ತು ನೀವು ಎದ್ದು ಎತ್ತಿಕೊಂಡಿದ್ರ ಆ ಹುಡುಗಿ ಕಿವಿ ಉಳೀತಿದ್ವೋ ಇಲ್ಲೋ ನನಗ ಗೊತ್ತಿಲ್ಲ. ಉಳೀತಿದ್ದಿಲ್ಲ ಅಂತ ಸಮಾಧಾನಕ್ಕ ಹೇಳಬಹುದು, ಆದ್ರ ಸುಳ್ಳು ಹೇಳಿದಂಗ ಆಗತೈತಿ. ಯಾರಿಗೂ ಗೊತ್ತಾಗೂದಿಲ್ಲ ಅದು. ಆದ್ರ ಅದರ ಸಲುವಾಗಿ ಈ ಕೂಸು ಯಾಕ ಹಸಗೊಂಡು ಮಲಗಬೇಕು?"

ಆಮೇಲೆ ಏನು ಮಾಡಬೇಕೆಂದು ಹೇಳಿದಳು. ಎರಡು ಥರದ ಗುಳಿಗೆ, ಗಡಿಯಾರ ನೋಡಿ, ನೋವಿರಲಿ ಇಲ್ಲದಿರಲಿ. "ನೋವು ಬಂದ ಮ್ಯಾಲ ಅಲ್ಲ, ಬರೂಕಿಂತ ಮೊದಲ ತೊಗೋಬೇಕು. ಅದು ತಲಿಗೆ ಏರಿದ ಮ್ಯಾಲ ಇಳಸೂದು ಕಷ್ಟ." ಕೆಮ್ಮುವಾಗ, ಏಳುವಾಗ ಮಡಚಿದ ಕೌದಿಯನ್ನು ಹೊಲಿಗೆಗೆ ಒತ್ತಿ ಹಿಡಿಯಬೇಕು. ಇವತ್ತೇ ಎದ್ದು ಕೂರಬೇಕು, ಸಂಜೆ ನಡೆಯಬೇಕು. ಸೂಜಿ ಇವತ್ತು ಒಂದು, ಸಣ್ಣದು. ಬೇಕೇ ಆದರೆ ನಾಳೆ ಒಂದು. ಅಲ್ಲಿಗೆ ಮುಗಿಯಿತು.

"ಬ್ಯಾಡ್ರಿ," ಎಂದಳು ರೇವವ್ವ. "ಅದು ನನ್ನ ಬಿಡೂದಿಲ್ರಿ."

ಜಮೀಲಾಬಿ ಅವಳ ಕೈ ಹಿಡಿದಳು. "ಕೇಳಿಲ್ಲೆ. ಆಗ ನೀ ಒಬ್ಬಾಕೀನ ಇದ್ದಿ. ಈಗ ನಾ ಇಲ್ಲೇ ಕುಂತೇನಿ. ನಿನ್ನ ಕೈ ಬಿಟ್ಟು ಏಳೂದಿಲ್ಲ. ಮತ್ತೊಂದು ಬೇಕೋ ಬ್ಯಾಡೋ ನೀ ಹೇಳಬ್ಯಾಡ, ನಾ ಹೇಳ್ತೀನಿ. ಆ ಭಾರ ನನ್ನ ಕಡೆ ಇರಲಿ."

ಸೂಜಿ ಮಾಡಿದರು. ರೇವವ್ವ ಛಾವಣಿಯನ್ನೇ ನೋಡುತ್ತ ಕಾದಳು. ಅದು ಬಂತು. ಮೂರು ವರ್ಷದಿಂದ ದಾರಿ ನೋಡುತ್ತಿದ್ದವರ ಹಾಗೆ, ಪರಿಚಯದ ನಗೆ ನಗುತ್ತ ಬಂತು. ಬೆನ್ನ ಕೆಳಗೆ ಹತ್ತಿ ಉಬ್ಬಿತು. ಅದರೊಳಗೆ, ಎಂದಿನ ಜಾಗದಲ್ಲಿ, ಆ ಅಳು ಇತ್ತು.

"ಮಾತಾಡು," ಎಂದಳು ಜಮೀಲಾಬಿ. "ನಿಮ್ಮ ಹೊಲದ ಬಾಜುಕ ಯಾರ ಹೊಲ?"

"ಲಕ್ಕಪ್ಪಂದು."

"ಆಮ್ಯಾಲ?"

"ಆಮ್ಯಾಲ... ಹಳ್ಳ. ಹಳ್ಳದಾಚಿ ಮಾಬುಸಾಬನ ಹೊಲ."

ಹೀಗೆ ಜಮೀಲಾಬಿ ಅವಳನ್ನು ಇಡೀ ಯರಗುಪ್ಪಿಯ ಹೊಲಗಳ ಮೇಲೆ ನಡೆಸಿದಳು. ನಡುವೆ ಎಲ್ಲೋ ಅಳು ಜೋರಾಯಿತು. ರೇವವ್ವ ಮಾತು ನಿಲ್ಲಿಸಿದಳು. "ಬಾಯಾರ, ಕೂಸು ಅಳಾಕತ್ತೈತಿ. ಇದು ಯಾವ ಕೂಸ್ರಿ?" ಅವಳ ದನಿಯಲ್ಲಿ ಅಂಥ ಭಯವಿತ್ತೆಂದರೆ ಪಕ್ಕದ ಮಂಚದ ಹೆಂಗಸು ಎದ್ದು ಕೂತಳು.

"ಇದು ನಿನ್ನೆ ಹುಟ್ಟಿದ್ದು. ಖರೇನ ಅಳಾಕತ್ತೈತಿ. ಹೊರಳು ಈ ಕಡೆ."

ಕೌದಿಯನ್ನು ಹೊಟ್ಟೆಗೆ ಒತ್ತಿಕೊಂಡು ರೇವವ್ವ ಹೊರಳಿದಳು. ನೋವು ಇತ್ತು, ಆದರೆ ಹೊರಳುವಷ್ಟು ಎಡೆ ಕೊಟ್ಟಿತು. ಕೂಸು ಬಾಯಿ ಹಚ್ಚಿತು. ಅಳುಗಳಲ್ಲಿ ಒಂದು ನಿಂತಿತು.

ಮರುದಿನ ಮಧ್ಯಾಹ್ನದ ಸಂಗತಿ ಇನ್ನೊಂದಿದೆ. ಗುಳಿಗೆ ನುಂಗಿ, ಎರಡು ಸಲ ನಡೆದು ಬಂದು ಮಲಗಿದ್ದ ರೇವವ್ವ ನರಳತೊಡಗಿದಳು. "ಸಹಿಸಾಕ ಆಗವಲ್ದು ಬಾಯಾರ, ಹರದು ಹೋಗಾಕತ್ತೈತಿ." ಜಮೀಲಾಬಿ ಅವಳ ನಾಡಿ ಹಿಡಿದು ನೋಡಿದಳು, ಹೊಲಿಗೆ ನೋಡಿದಳು. ರೇವವ್ವ ಇನ್ನಷ್ಟು ನರಳಿದಳು. ನರಳುತ್ತ ಇದ್ದ ಹಾಗೆಯೇ ತನ್ನ ದನಿಯನ್ನು ತಾನೇ ಕೇಳಿಸಿಕೊಂಡಳು. ಹುಲಿಗೆಪ್ಪನ ಬಾಗಿಲಲ್ಲಿ ನಿಂತು "ಹೊಟ್ಟಿ ಭಾಳ ನೋಯಾಕತ್ತೈತಿ" ಎನ್ನುತ್ತಿದ್ದ ದನಿಯೇ ಅದು, ಅದೇ ಎಳೆತ.

ಜಮೀಲಾಬಿ ನರ್ಸನ್ನು ಕರೆಯಲು ಏಳುತ್ತಿದ್ದಳು. ರೇವವ್ವ ಅವಳ ಸೀರೆ ಹಿಡಿದಳು. "ಬಾಯಾರ, ಹೋಗಬ್ಯಾಡ್ರಿ. ನಾ ಹೇಳಿದ್ದು ಸುಳ್ಳರಿ. ನೋವು ಐತಿ, ಅಷ್ಟಿಲ್ಲ." ಹೇಳಿ, ಗೋಡೆಯ ಕಡೆ ಮುಖ ಮಾಡಿ ಅತ್ತಳು. ಜಮೀಲಾಬಿ ಮತ್ತೆ ಕೂತಳು. ಎರಡನೆಯ ಸೂಜಿ ಮಾಡಲಿಲ್ಲ.

ಎರಡು ದಿನ ಶಂಕ್ರಪ್ಪ ಬಂದು ಹೋಗುತ್ತಿದ್ದ, ಹಾಲು ಬ್ರೆಡ್ಡು ಇಟ್ಟು ಹೋಗುತ್ತಿದ್ದ, ಮಾತಾಡಲಿಲ್ಲ. ನಾಲ್ಕನೆಯ ದಿನ ಉದ್ದನೆಯ ಪಡಸಾಲೆಯಲ್ಲಿ ಅವಳನ್ನು ತೋಳು ಹಿಡಿದು ನಡೆಸುತ್ತಿದ್ದಾಗ ಕಂಬದ ಹತ್ತಿರ ನಿಂತ.

"ನನಗ ಯಾಕ ಹೇಳಲಿಲ್ಲ, ರೇವಿ?"

"ಹೆಂಗ ಹೇಳ್ಲಿರಿ."

ಅವನು ಅವಳ ಬೆನ್ನಿಗೆ ಕಂಬದ ಆಸರೆ ಕೊಟ್ಟು ನಿಲ್ಲಿಸಿದ. "ಹುಲಿಗೆಪ್ಪನ್ನ ಮನಿಗೆ ಕರಕೊಂಡು ಬಂದಾವ ನಾನ. ನೀ ನರಳೂದು ನನಗ ಕೇಳಾಕ ಆಗವಲ್ದಾಗಿತ್ತು. ನೀ ಸುಮ್ಮ ಆದ್ರ ಸಾಕಾಗಿತ್ತು ನನಗ. ಸುಮ್ಮ ಆದಿ. ಯಾಕ ಸುಮ್ಮ ಆದಿ ಅಂತ ನಾ ಕೇಳಲೇ ಇಲ್ಲ." ಅಷ್ಟು ಹೇಳಿ, "ನಡಿ, ಇನ್ನೊಂದು ಸುತ್ತು ಹಾಕೂಣು," ಎಂದ. ಆ ಮಾತನ್ನು ಅವರಿಬ್ಬರೂ ಮತ್ತೆ ಎಂದೂ ಎತ್ತಲಿಲ್ಲ. ಕ್ಷಮಿಸಿದ ಎಂದು ರೇವವ್ವ ತಿಳಿಯಲಿಲ್ಲ, ಕ್ಷಮಿಸಲಿಲ್ಲ ಎಂದೂ ತಿಳಿಯಲಿಲ್ಲ.

ಕೂಸಿಗೆ ಸತ್ತ ಮಾವನ ಹೆಸರು, ಈರಪ್ಪ ಎಂದು ಇಟ್ಟರು. ಅಳು ನಿಂತಿತೇ ಎಂದರೆ, ಇಲ್ಲ. ಮನೆಯಲ್ಲಿ ಈಗ ನಿಜವಾಗಿಯೂ ಒಂದು ಕೂಸು ಅಳುತ್ತಿದ್ದುದರಿಂದ ಯಾವುದು ಯಾವುದೆಂದು ತಿಳಿಯದೆ ರೇವವ್ವ ಹುಚ್ಚಿಯಂತಾಗಿದ್ದಳು. ಪ್ರತಿ ಸಲ ಎದ್ದು ಹೋಗಿ ನೋಡುತ್ತಿದ್ದಳು, ನೋಡದೆ ಒಂದು ಸಲವೂ ಬಿಡಲಿಲ್ಲ. ಆಮೇಲೆ ಒಂದು ದಾರಿ ತಾನಾಗಿ ಆಯಿತು. ಐದು ವರ್ಷದ ನೀಲಿ ತಮ್ಮನ ತೊಟ್ಟಿಲು ಬಿಟ್ಟು ಕದಲುತ್ತಿರಲಿಲ್ಲ. ಅವನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತಿದ್ದಳು. ಅವನು ಅತ್ತರೆ ಅಂಗೈಗೆ ಗೊತ್ತಾಗುತ್ತಿತ್ತು. ಓಡಿ ಬಂದು ತಾಯಿಯ ಸೆರಗು ಜಗ್ಗುತ್ತಿದ್ದಳು. ರೇವವ್ವ ತನ್ನ ಕಿವಿಯನ್ನು ನಂಬುವುದು ಬಿಟ್ಟಳು. ನೀಲಿ ಸೆರಗು ಜಗ್ಗಿದರೆ ಅಳು ಖರೆ.

ಎರಡು ವರ್ಷದ ಮೇಲೆ, ೧೯೮೮ರ ಮಳೆಗಾಲ ಮುಗಿಯುವಾಗ, ಹುಲಿಗೆಪ್ಪ ಅವಳ ಅಂಗಳಕ್ಕೆ ಬಂದ. ಬಹಳ ದಿನದಿಂದ ಆ ಓಣಿಗೆ ಬರುವುದನ್ನೇ ಬಿಟ್ಟಿದ್ದ. ಮುದುಕನಾಗಿದ್ದ. ಅವನ ಮಗಳು ರಾಮವ್ವ ಸಿಜೇರಿಯನ್ ಮಾಡಿಸಿಕೊಂಡು ತವರಿಗೆ ಬಂದಿದ್ದಳು. ಜಮೀಲಾಬಿ ಆ ವಾರ ತರಬೇತಿಗೆಂದು ಹೋಗಿದ್ದಳು.

"ಮಗಳು ನರಳಾಕತ್ತಾಳವಾ. ಚೀಲ ಕೈಯಾಗ ಹಿಡಕೊಂಡು ಮೂರು ಸಲ ಒಳಗ ಹೋಗಿ ಹೊರಗ ಬಂದೆ. ನನ್ನ ಕೈ ನನ್ನ ಮಾತು ಕೇಳೂದಿಲ್ಲ. ನೀ ಬಾ."

ರೇವವ್ವ ಕೂಡಲೇ ಎದ್ದಳು ಎಂದು ಹೇಳಲಾಗದು. ಆ ಚೀಲದ ಹತ್ತಿರ ಹೋಗಲು ಅವಳಿಗೆ ಇನ್ನೂ ಹೆದರಿಕೆ ಇತ್ತು. "ಮದಲ ಆ ಚೀಲಾನ ಬ್ಯಾರೆ ಯಾರ ಮನ್ಯಾಗರ ಇಟ್ಟು ಬರ್ರಿ, ಕಾಕಾ. ಆಮ್ಯಾಲ ಬರ್ತೀನಿ," ಎಂದಳು. ಅವನು ಹಾಗೇ ಮಾಡಿದ.

ರಾಮವ್ವನ ಪಕ್ಕದಲ್ಲಿ ಅವಳು ನಾಲ್ಕು ಹಗಲು ಕೂತಳು. ದವಾಖಾನೆಯವರು ಕೊಟ್ಟು ಕಳಿಸಿದ್ದ ಗುಳಿಗೆಗಳನ್ನು ನೋವು ಬಂದಾಗ ಮಾತ್ರ ನುಂಗಬೇಕೆಂದು ಆ ಹುಡುಗಿ ಕಟ್ಟಿ ಇಟ್ಟುಕೊಂಡಿದ್ದಳು. ರೇವವ್ವ ಹುಲಿಗೆಪ್ಪನ ಗಡಿಯಾರ ತಂದು ಎದುರಿಗಿಟ್ಟು ಹೊತ್ತಿಗೆ ಸರಿಯಾಗಿ ಕೊಟ್ಟಳು. ಕೌದಿ ಮಡಚಿ ಹೊಟ್ಟೆಗೆ ಹಿಡಿಸಿ ಕೆಮ್ಮಿಸಿದಳು. ಅಂಗಳದಲ್ಲಿ ನಡೆಸಿದಳು. ರಾಮವ್ವ ಬೈದಳು, ಅತ್ತಳು, ಎರಡನೆಯ ದಿನ ಸ್ವಲ್ಪ ಕಡಿಮೆ ಅತ್ತಳು. ಅಪ್ಪನ ಸೂಜಿ ಬೇಕೆಂದು ಕೇಳಿದಾಗ ರೇವವ್ವ ಇಲ್ಲ ಎನ್ನಲಿಲ್ಲ. ತನ್ನ ಕುಪ್ಪಸದ ತೋಳು ಏರಿಸಿ ತೋರಿಸಿದಳು. ಯಾಕೆ ಹಾಗಾಯಿತು ಎಂದು ಹೇಳಿದಳು, ನೀಲಿಯದನ್ನೂ ಸೇರಿಸಿ. ಹುಲಿಗೆಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ.

ಐದನೆಯ ದಿನ ರಾಮವ್ವ ತಾನೇ ಎದ್ದು ತಲೆ ಬಾಚಿಕೊಂಡಳು. ಹೊಲದಲ್ಲಿ ಮೆಣಸಿನಕಾಯಿಗೆ ಕಳೆ ತೆಗೆಯುವ ಕೆಲಸ ಬಿದ್ದಿತ್ತು, ರೇವವ್ವ ಹೊರಟಳು. ಹುಲಿಗೆಪ್ಪ ಬಾಗಿಲವರೆಗೆ ಬಂದ. ಅವನು ಕೇಳಿದ್ದು ಇಷ್ಟೇ: "ನೀಲವ್ವ ಎಲ್ಲೆ ಅದಾಳ ಈಗ?"

"ಹುಬ್ಬಳ್ಯಾಗ ಅದಾಳ್ರಿ, ಕಿವುಡ ಮಕ್ಕಳ ಸಾಲ್ಯಾಗ. ಈ ವರ್ಷ ಹಚ್ಚೇವಿ. ತನ್ನ ಹೆಸರು ಬರೀತಾಳ."

"ಬರೀತಾಳೇನು?"

"ಹೌದ್ರಿ. ಗ್ವಾಡಿ ತುಂಬ ಬರದಾಳ," ಎಂದು ರೇವವ್ವ ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ನಡೆದಳು.